ನಿರ್ದೇಶಕರ ಬೀಳ್ಕೊಡುಗೆ, ಹೊಸಬರ ಸ್ವಾಗತ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನಿಮ್ಮ ಗ್ರಂಥಾಲಯದ ನಿರ್ದೇಶಕರು ನಿವೃತ್ತರಾಗುತ್ತಿದ್ದಾರೆ, ಅದೇ ಹೊತ್ತಿಗೆ ಹೊಸ ಸಿಬ್ಬಂದಿಯೂ ಸೇರುತ್ತಿದ್ದಾರೆ, ಎರಡರ ಹೊಣೆಯೂ ನಿನ್ನದೇ ಎಂದು ಬರೆದಿದ್ದೀಯ. ಭಾಷಣಕಾರರ ಪಟ್ಟಿ ಆಮೇಲೆ ಮಾಡು. ಅವರು ಹೋದ ಮರುದಿನವೂ ಓದುಗರಿಗೆ ಯಾವ ಕೊರತೆಯೂ ಕಾಣದಿದ್ದರೆ ಅದಕ್ಕಿಂತ ದೊಡ್ಡ ಸನ್ಮಾನ ಅವರಿಗಿಲ್ಲ. ಬೀಳ್ಕೊಡುಗೆ, ಸ್ವಾಗತ ಎರಡನ್ನೂ ಒಂದೇ ಕೆಲಸವೆಂದು ತಿಳಿದು ಹೊರಡು.

ಎಂಟು ವಾರ ಇರುವಾಗಲೇ ಹಸ್ತಾಂತರ ಶುರುವಾಗಲಿ. ಕೊನೆಯ ವಾರವೆಲ್ಲ ಭೇಟಿಗೆ ಬರುವವರಲ್ಲೇ ಕಳೆದುಹೋಗುತ್ತದೆ. ‘ಗೊತ್ತಿರುವುದನ್ನೆಲ್ಲ ಬರೆದುಕೊಡಿ’ ಎಂದರೆ ಯಾರಿಗೂ ಏನೂ ನೆನಪಾಗುವುದಿಲ್ಲ. ಅದರ ಬದಲು ವಾರಕ್ಕೆರಡು ಸಲ ಅವರ ಜೊತೆ ಕಪಾಟುಗಳ ನಡುವೆ ನಡೆ. ‘ಇದು ಇಲ್ಲೇಕಿದೆ?’ ಎಂದು ಕೇಳುತ್ತಾ ಹೋಗು. ವರ್ಗೀಕರಣದ ನಿಯಮ ಮೀರಿ ಬೇರೆಡೆ ಇಟ್ಟ ಪುಸ್ತಕಗಳು, ಎರವಲು ಕೊಡಬಾರದೆಂಬ ಷರತ್ತಿನ ಮೇಲೆ ದಾನಿಗಳು ಕೊಟ್ಟ ಸಂಗ್ರಹ, ತೇವ ಹಿಡಿಯುವ ಗೋಡೆ, ನಿಯತಕಾಲಿಕೆಗಳ ಚಂದಾ ಮುಗಿಯುವ ತಿಂಗಳು: ಇಂಥವು ಎಷ್ಟೋ ಸಲ ಕಡತಕ್ಕೆ ಏರಿರುವುದೇ ಇಲ್ಲ. ಕೇಳಿದ್ದನ್ನೆಲ್ಲ ತಿಂಗಳುವಾರು ಬರೆದಿಡು. ಹೊಸದಾಗಿ ಕುರ್ಚಿಯಲ್ಲಿ ಕುಳಿತವರಿಗೆ ಮೊದಲು ಬೇಕಾಗುವುದು ‘ಈ ತಿಂಗಳು ಏನು ಮಾಡಬೇಕು’ ಎಂಬುದು.

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ಪಾಸ್‌ವರ್ಡ್‌ಗಳಲ್ಲಿ. ತಂತ್ರಾಂಶದ ನಿರ್ವಾಹಕ ಖಾತೆ, ಜಾಲತಾಣದ ಹೆಸರಿನ ನೋಂದಣಿ, ಇ-ಪುಸ್ತಕಗಳ ಚಂದಾ ಇವೆಲ್ಲ ಒಬ್ಬರ ಸ್ವಂತ ಇಮೇಲ್‌ಗೆ, ಒಬ್ಬರ ಮೊಬೈಲ್‌ಗೆ ಬರುವ ಒಟಿಪಿಗೆ ಅಂಟಿಕೊಂಡಿರುತ್ತವೆ. ಹುದ್ದೆಯ ಹೆಸರಿನಲ್ಲಿ ಇಮೇಲ್ ಮಾಡಿಸಿ ಎಲ್ಲವನ್ನೂ ಅದಕ್ಕೆ ವರ್ಗಾಯಿಸು. ಮೊದಲು ಹೊಸ ಖಾತೆಗೆ ಪೂರ್ಣ ಅಧಿಕಾರ ಕೊಡು, ಅದರಿಂದ ಒಳಹೋಗಿ ನೋಡು, ಹಳೆಯದನ್ನು ತೆಗೆಯುವುದು ಆಮೇಲೆ. ಇದು ಹಿಂದುಮುಂದಾದರೆ ಎಲ್ಲರೂ ಹೊರಗೇ ಉಳಿಯುತ್ತೀರಿ. ಬೀಗದ ಕೈಗಳಿಗೆ ಸಂಖ್ಯೆಯ ಬಿಲ್ಲೆ ಕಟ್ಟಿ, ರಿಜಿಸ್ಟರಿನಲ್ಲಿ ಇಬ್ಬರ ಸಹಿ ಹಾಕಿಸು.

ಅವರ ಹೆಸರಿನಲ್ಲಿ ಏನಾದರೂ ಉಳಿಯಬೇಕು ಎಂದು ಕೇಳಿದ್ದೀಯ. ಗೋಡೆಯ ಫಲಕಕ್ಕಿಂತ, ಅವರು ಆಸ್ಥೆಯಿಂದ ಕಟ್ಟಿದ ವಿಭಾಗಕ್ಕೆ ಹೊಸ ಪುಸ್ತಕ ತರಿಸಿ ಒಳರಕ್ಷಾಪುಟದಲ್ಲಿ (ರಟ್ಟಿನ ಒಳಬದಿಯ ಹಾಳೆಯಲ್ಲಿ) ಗೌರವ ಚೀಟಿ ಅಂಟಿಸುವುದು ನನಗೆ ಹೆಚ್ಚು ಇಷ್ಟ. ಚೀಟಿಯ ಕಾಗದ ಆಮ್ಲರಹಿತವಾಗಿರಲಿ. ಗೋಧಿ ಪಿಷ್ಟದ ಗೋಂದು ಅಥವಾ ಮೀಥೈಲ್ ಸೆಲ್ಯುಲೋಸ್ ಬಳಸು. ಗೋಂದನ್ನು ತೆಳುವಾಗಿ ಸವರಬೇಕು, ಅದರಲ್ಲಿ ನೀರು ಹೆಚ್ಚಾದರೆ ಹಾಳೆ ಸುಕ್ಕುಗಟ್ಟುತ್ತದೆ. ಒಣಗುವವರೆಗೆ ಹೀರುಕಾಗದ ಇಟ್ಟು ಮೇಲೆ ಭಾರ ಹೇರು. ಸೆಲ್ಲೊಟೇಪಂತೂ ಬೇಡವೇ ಬೇಡ: ಅದರ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಪರಿಗ್ರಹಣ ಸಂಖ್ಯೆಯಾಗಲಿ (ಪುಸ್ತಕ ಗ್ರಂಥಾಲಯಕ್ಕೆ ಸೇರಿದಾಗ ಕೊಡುವ ಕ್ರಮಸಂಖ್ಯೆ) ಬಾರ್‌ಕೋಡ್ ಆಗಲಿ ಚೀಟಿಯ ಕೆಳಗೆ ಮುಚ್ಚಿಹೋಗದಂತೆ ನೋಡಿಕೋ. ಕ್ಯಾಟಲಾಗಿನಲ್ಲೂ ಸ್ಥಳೀಯ ಟಿಪ್ಪಣಿಯಾಗಿ ಬರೆಸು (ಕ್ಯಾಟಲಾಗ್ ದಾಖಲೆಗಳ ಗಣಕ ಮಾದರಿಯಾದ ಮಾರ್ಕ್ 21 ಬಳಸುವಲ್ಲಿ ಇದಕ್ಕೆ ಸಾಮಾನ್ಯವಾಗಿ 590ನೇ ಕ್ಷೇತ್ರ). ಪ್ರತಿ ಬಾರಿಯೂ ಒಂದೇ ವಾಕ್ಯ, ಒಂದೇ ಕಾಗುಣಿತ ಇರಬೇಕು, ಇಲ್ಲದಿದ್ದರೆ ಹುಡುಕಿದಾಗ ಅರ್ಧ ಪುಸ್ತಕಗಳು ಸಿಗುವುದಿಲ್ಲ.

ಸಮಾರಂಭ ಮುಕ್ಕಾಲು ಗಂಟೆ ಮೀರದಿರಲಿ. ಹೊಸಬರನ್ನು ಕೊನೆಯಲ್ಲಿ ಪರಿಚಯಿಸಬೇಡ, ಅಷ್ಟರಲ್ಲಿ ಜನ ಎದ್ದುಬಿಟ್ಟಿರುತ್ತಾರೆ. ಮೊದಲೇ ಕರೆದು, ಹೆಸರಿನ ಜೊತೆ ಯಾವ ಮೇಜಿನಲ್ಲಿ ಸಿಗುತ್ತಾರೆ ಎಂದೂ ಹೇಳು. ಓದುಗರಿಗೆ ಬೇಕಾದದ್ದು ಅದೇ. ಆಮೇಲೆ ಒಬ್ಬ ಓದುಗರು, ಒಬ್ಬ ಸಹೋದ್ಯೋಗಿ, ತಲಾ ಐದು ನಿಮಿಷ, ಕಡೆಗೆ ನಿರ್ದೇಶಕರು. ‘ಅಪಾರ ಸೇವೆ’ ಎಂಬಂಥ ಮಾತಿಗಿಂತ ಅವರು ಏನನ್ನು ಬದಲಿಸಿದರೋ ಅದನ್ನೇ ಹೇಳಿಸು: ಯಾವ ವಿಭಾಗ ತೆರೆದರು, ಯಾವ ವೇಳೆ ವಿಸ್ತರಿಸಿದರು. ಎರವಲು ಮತ್ತು ಸದಸ್ಯತ್ವದ ಅಂಕಿಗಳು ವಾರ್ಷಿಕ ವರದಿಗಳಲ್ಲೇ ಸಿಗುತ್ತವೆ. ಯಾವ ಓದುಗರು ಯಾವ ಪುಸ್ತಕ ಓದಿದರು ಎಂಬುದು ಮಾತ್ರ, ಹೊಗಳಿಕೆಯ ನೆಪದಲ್ಲೂ, ವೇದಿಕೆಗೆ ಬರಕೂಡದು.

ಹೊಸಬರನ್ನು ಮೊದಲ ದಿನವೇ ಕೌಂಟರಿಗೆ ತಳ್ಳಬೇಡ. ಮೊದಲ ವಾರ ದಿನಕ್ಕೆ ಅರ್ಧ ಗಂಟೆ ಕಪಾಟಿನ ಪುಸ್ತಕಗಳ ಕ್ರಮ ಪರಿಶೀಲಿಸಲಿ. ಅದಕ್ಕಿಂತ ಹೆಚ್ಚಾದರೆ ಕಣ್ಣು ಸೋತು ತಪ್ಪು ಕಾಣುವುದೇ ಇಲ್ಲ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ: 025.17 ಬರಬೇಕಾದದ್ದು 025.4ಕ್ಕಿಂತ ಮೊದಲು. ಹದಿನೇಳು ನಾಲ್ಕಕ್ಕಿಂತ ದೊಡ್ಡದೆಂದು ಹಿಂದೆ ಇಟ್ಟುಬಿಡುತ್ತಾರೆ. ಬಿಂದುವಿನ ನಂತರ ಒಂದೊಂದೇ ಅಂಕಿ ಹೋಲಿಸಲು ಕಲಿಸು. ತಪ್ಪು ಜಾಗದಲ್ಲಿ ಕೂತ ಪುಸ್ತಕ ಕ್ಯಾಟಲಾಗಿನಲ್ಲಿ ‘ಲಭ್ಯ’ ಎಂದೇ ತೋರಿಸುತ್ತದೆ, ಓದುಗರು ಮಾತ್ರ ಬರಿಗೈಲಿ ಹೋಗುತ್ತಾರೆ. ಓದುಗರ ಸಮಯ ಉಳಿಸಿ ಎಂದು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲೇ ಸೂತ್ರವಾಗಿ ಬರೆದಿಟ್ಟದ್ದು ಇಂಥ ಸಣ್ಣ ಕೆಲಸಗಳಲ್ಲೇ ನಿಲ್ಲುತ್ತದೆ, ಬೀಳುತ್ತದೆ. ಪುಸ್ತಕವನ್ನು ಬೆನ್ನಿನ ಮೇಲ್ತುದಿಗೆ ಬೆರಳು ಕೊಟ್ಟು ಎಳೆಯದಂತೆಯೂ ಹೇಳು. ಅಕ್ಕಪಕ್ಕದವನ್ನು ಸ್ವಲ್ಪ ಒಳಗೆ ತಳ್ಳಿ ನಡುಭಾಗ ಹಿಡಿದು ತೆಗೆದರೆ ಬೆನ್ನು ಹರಿಯುವುದಿಲ್ಲ.

ಎರಡನೆಯ ವಾರ ಅನುಭವಿಗಳ ಪಕ್ಕ ಕುಳಿತು ಓದುಗರ ಮಾತು ಕೇಳಲಿ. ‘ಆರೋಗ್ಯದ ಪುಸ್ತಕ ಎಲ್ಲಿ?’ ಎಂದು ಕೇಳಿದವರಿಗೆ ಬೇಕಿರುವುದು ಒಂದು ಕಾಯಿಲೆಯ ಆಹಾರಕ್ರಮ ಇರಬಹುದು. ಕೈ ತೋರಿಸಿ ಕಳಿಸುವ ಮೊದಲು ‘ಯಾವ ವಿಷಯ ನೋಡುತ್ತಿದ್ದೀರಿ?’ ಎಂದು ಕೇಳಬೇಕು, ಅದೂ ಪಕ್ಕದವರಿಗೆ ಕೇಳಿಸದ ದನಿಯಲ್ಲಿ. ನಿರ್ದೇಶಕರು ಇನ್ನೂ ಇರುವಾಗಲೇ ಪ್ರತಿ ಹೊಸಬರೂ ಅರ್ಧ ದಿನ ಅವರ ಜೊತೆ ಇರುವಂತೆ ಮಾಡು. ಆ ಹೊತ್ತನ್ನು ಮತ್ತೆ ಹೊಂದಿಸಲಾಗದು.

ನಿವೃತ್ತಿಯ ನಂತರ ಎಲ್ಲದಕ್ಕೂ ಅವರಿಗೆ ಫೋನ್ ಮಾಡುವ ಚಾಳಿ ಬೆಳೆಯದಿರಲಿ. ಪ್ರಶ್ನೆಗಳನ್ನು ಒಂದು ಕಡೆ ಬರೆದಿಟ್ಟು, ತಿಂಗಳಾದ ಮೇಲೆ, ಅವರೂ ಒಪ್ಪಿದರೆ, ಒಂದೇ ಸಲ ಕೂತು ಕೇಳಿ. ಅವರ ಖಾತೆಯನ್ನು ಸಿಬ್ಬಂದಿ ವರ್ಗದಿಂದ ಓದುಗರ ವರ್ಗಕ್ಕೆ ಬದಲಿಸುವುದನ್ನು ಮರೆಯಬೇಡ. ಕಾದಿರಿಸಿದ ಪುಸ್ತಕಗಳಿದ್ದರೆ ಬಿಟ್ಟುಹೋಗದಂತೆ ನೋಡಿ, ಹೊಸ ಸದಸ್ಯತ್ವ ಕಾರ್ಡನ್ನು ನಿವೃತ್ತಿಯ ಹಿಂದಿನ ದಿನವೇ ಕೌಂಟರಿನಲ್ಲಿ ಸ್ಕ್ಯಾನ್ ಮಾಡಿಸಿ ಪರೀಕ್ಷಿಸಿಡು.

ನಿನ್ನ ಅಮ್ಮ