ಪಿಆರ್ ಸಿಕ್ಕಿತೆಂದರೆ ಕೆಲಸ ಸಿಕ್ಕಿತೆಂದಲ್ಲ

ಮಾನ್ಯ ಸಂಪಾದಕರೆ,

ಜಯನಗರ, ಕೋರಮಂಗಲದ ಕಡೆ ‘ಕೆನಡಾ ಪಿಆರ್’ (ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ) ಬೋರ್ಡುಗಳಿಗೆ ಬರವಿಲ್ಲ. ಒಳಗೆ ಹೋದವರಿಗೆ ಪಾಯಿಂಟ್ಸ್ ಲೆಕ್ಕ ಹಾಕಿ ಕೊಡುತ್ತಾರೆ. ಅಲ್ಲಿಗೆ ಹೋದ ಮೇಲೆ ಕೆಲಸದ ಗತಿಯೇನು ಎಂದು ಹೇಳುವವರಿಲ್ಲ.

ಪಿಆರ್ ಅರ್ಜಿದಾರರನ್ನು ಆರಿಸಲು ಕೆನಡಾದಲ್ಲಿ 2015ರಲ್ಲಿ ಶುರುವಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ವಯಸ್ಸು, ಓದು, ಭಾಷೆ, ಅನುಭವ ನೋಡಿ 1,200ಕ್ಕೆ ಅಂಕ ಕೊಡುತ್ತಾರೆ. ನಮ್ಮ ಬಿ.ಇ. ಅಲ್ಲಿನ ಪದವಿಗೆ ಸಮ ಎಂಬ ವರದಿಯೂ ಸಿಗುತ್ತದೆ. ಆ ವರದಿ ವಲಸೆ ಇಲಾಖೆಗೆ ಸಾಕು, ಕೆಲಸ ಕೊಡುವವರಿಗೆ ಸಾಲದು. ನನ್ನ ಬಳಿ ಓದಿದ ಸಿವಿಲ್ ಎಂಜಿನಿಯರ್ ಒಬ್ಬ ಇಲ್ಲಿ ಸ್ಲ್ಯಾಬಿನ ಕಂಬಿ ಎಣಿಸಿ, ಅಂತರ ಅಳೆದು ಸಹಿ ಹಾಕುವ ತನಕ ಕಾಂಕ್ರೀಟ್ ಸುರಿಯಲು ಬಿಡುತ್ತಿರಲಿಲ್ಲ. ಈಗ ಕೆನಡಾದ ಒಂಟಾರಿಯೊ ಪ್ರಾಂತ್ಯದ ಬ್ರಾಂಪ್ಟನ್ನಿನ ಗೋದಾಮಿನಲ್ಲಿ ರಾತ್ರಿ ಪಾಳಿ, ಕೈಯಲ್ಲಿ ಬಾರ್‌ಕೋಡ್ ಸ್ಕ್ಯಾನರ್. ಸಂದರ್ಶನಕ್ಕೆ ಹೋದಲ್ಲೆಲ್ಲ ‘ಕೆನಡಾದ ಅನುಭವ ಇದೆಯಾ?’ ಎಂದೇ ಕೇಳುತ್ತಾರಂತೆ. ಕೆಲಸವನ್ನೇ ಕೊಡದೆ ಅನುಭವ ಎಲ್ಲಿಂದ ಬರಬೇಕು? ಒಂಟಾರಿಯೊದ ಎಂಜಿನಿಯರುಗಳ ಲೈಸೆನ್ಸ್ ಸಂಸ್ಥೆ 2023ರಲ್ಲೇ ಈ ಷರತ್ತು ಕೈಬಿಟ್ಟಿದೆ. 25 ಅಥವಾ ಹೆಚ್ಚು ನೌಕರರಿರುವ ಕಂಪನಿಗಳು ಉದ್ಯೋಗ ಜಾಹೀರಾತಿನಲ್ಲಿ ಇದನ್ನು ಕೇಳುವಂತಿಲ್ಲ ಎಂಬ ನಿಯಮ ಅಲ್ಲಿ 2026ರ ಜನವರಿಯಿಂದ ಜಾರಿಗೆ ಬಂದಿದೆ. ಜಾಹೀರಾತಿನಲ್ಲಿ ಅಳಿಸಿದ್ದು ಸಂದರ್ಶಕರ ತಲೆಯಿಂದಲೂ ಅಳಿಸಿ ಹೋಗುತ್ತದೆಂದು ನನಗಂತೂ ನಂಬಿಕೆಯಿಲ್ಲ.

ಸಾಫ್ಟ್‌ವೇರ್‌ನವರಿಗೆ ಲೈಸೆನ್ಸಿನ ಕಾಟವಿಲ್ಲ. ದಂತವೈದ್ಯರು, ನರ್ಸ್‌ಗಳು ಅಲ್ಲಿನ ಪರೀಕ್ಷೆ ಪಾಸಾಗದೆ ರೋಗಿಯನ್ನು ಮುಟ್ಟುವಂತಿಲ್ಲ. ನರ್ಸ್‌ಗಳ ಎನ್‌ಕ್ಲೆಕ್ಸ್ ಪರೀಕ್ಷೆಗೆ ಬೆಂಗಳೂರಿನಲ್ಲೇ ಕೇಂದ್ರವಿದೆ. ವಿಮಾನ ಹತ್ತುವ ಮೊದಲೇ ಬರೆಯಬಹುದು. ಪಿಆರ್ ಮಾರುವವರಿಗೆ ಇದನ್ನು ಹೇಳುವ ಉಸಾಬರಿ ಯಾಕೆ?

ನಮ್ಮ ದೇಶದ 1983ರ ವಲಸೆ ಕಾಯ್ದೆಯಡಿ ಹೊರದೇಶದಲ್ಲಿ ಕೆಲಸ ಕೊಡಿಸುವ ಏಜೆಂಟರು ನೋಂದಣಿ ಮಾಡಿಸಲೇಬೇಕು, ಜಿಎಸ್‌ಟಿ ಬಿಟ್ಟು 30,000 ರೂಪಾಯಿಗಿಂತ ಹೆಚ್ಚು ಸೇವಾಶುಲ್ಕ ಪಡೆಯುವಂತಿಲ್ಲ. ಲಕ್ಷಗಟ್ಟಲೆ ಕೀಳುವ ಕನ್ಸಲ್ಟೆನ್ಸಿಗಳು ‘ನಾವು ಕೊಡುವುದು ಸಲಹೆ ಮಾತ್ರ, ಕೆಲಸವಲ್ಲ’ ಎಂದು ನುಣುಚಿಕೊಳ್ಳುತ್ತವೆ. ಈ ಮಾತು ಕೇಳಿಬರುವುದು ದುಡ್ಡು ಕಟ್ಟಿದ ಮೇಲೆ!

ಕರ್ನಾಟಕ ಕೌಶಲ್ಯ ಅಭಿವೃದ್ಧಿ ನಿಗಮದಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ಯಾವ ದೇಶದಲ್ಲಿ ಯಾವ ವೃತ್ತಿಗೆ ಯಾವ ಲೈಸೆನ್ಸ್ ಬೇಕು, ಖರ್ಚೆಷ್ಟು, ಇಲ್ಲಿಂದಲೇ ಏನೇನು ಮುಗಿಸಿಕೊಳ್ಳಬಹುದು ಎಂಬ ಕೈಪಿಡಿಯನ್ನು ಅದು ಕನ್ನಡದಲ್ಲಿ ತರಲಿ. ಮುಂಗಡ ಪಡೆಯುವ ಮೊದಲು ಅದನ್ನು ಗ್ರಾಹಕರ ಕೈಗೆ ಕೊಟ್ಟು ಸಹಿ ಪಡೆಯುವುದನ್ನು ರಾಜ್ಯ ಸರ್ಕಾರ ಕನ್ಸಲ್ಟೆನ್ಸಿಗಳಿಗೆ ಕಡ್ಡಾಯ ಮಾಡಲಿ.

– ನಿವೃತ್ತ ಎಂಜಿನಿಯರಿಂಗ್ ಉಪನ್ಯಾಸಕ, ಬಸವನಗುಡಿ, ಬೆಂಗಳೂರು