ಮಾರ್ತಳ ಹಾಗೆ ಎದುರು ಹೋಗಿ ಕೇಳು: ಮಗಳಿಗೊಂದು ಪತ್ರ

ಶ್ರೀರಂಗಪಟ್ಟಣ ತಾಲ್ಲೂಕು,
ಮೇ ತಿಂಗಳು

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅವ್ವನ ಮಂಡಿನೋವು ಸ್ವಲ್ಪ ಇಳಿದಿದೆ, ನೀನು ಕಳಿಸಿದ ಮಾತ್ರೆ ಹೊತ್ತು ಹೊತ್ತಿಗೆ ತಗೊಳ್ತಾಳೆ. ಕಬ್ಬು ಸೊಂಟದುದ್ದ ಬಂದಿದೆ.

ಭಾನುವಾರ ನೀನು ಫೋನಿನಲ್ಲಿ, ನಿನ್ನ ಆಸ್ಪತ್ರೆಯ ವಾರ್ಡಿನಲ್ಲಿ ತೀರಿಹೋದ ಆ ಮಗುವಿನ ವಿಷಯ ಹೇಳಿ, "ಜಪ ಮಾಡೋಕೆ ಕೂತ್ರೆ ಬಾಯೇ ಬರಲ್ಲ ಅಪ್ಪ, ದೇವರ ಮೇಲೆ ಸಿಟ್ಟು ಬರುತ್ತೆ. ಇಂಥ ಮನಸ್ಸು ಇಟ್ಕೊಂಡು ಪೂಜೆಗೆ ಹೋಗಿ ನಿಲ್ಲೋದು ತಪ್ಪಲ್ವಾ?" ಅಂತ ಕೇಳಿದೆ. ಅವ್ವ ಪಕ್ಕದಲ್ಲೇ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು, ನನಗೂ ಮಾತು ಹೊರಡಲಿಲ್ಲ. ನಾಲ್ಕು ದಿನ ಅದನ್ನೇ ಯೋಚಿಸಿ ಈಗ ಬರೆಯುತ್ತಿದ್ದೇನೆ. ಡ್ಯೂಟಿ ಮುಗಿದು ನಿದ್ದೆಯಾದ ಮೇಲೆ ಓದು. ಅವಸರವಿಲ್ಲ.

ಆ ಮಗು ಯಾಕೆ ಹೋಯಿತು ಅನ್ನುವುದಕ್ಕೆ ನನ್ನ ಹತ್ತಿರ ಉತ್ತರವಿಲ್ಲ ಕಣವ್ವ. "ದೇವರಿಗೆ ಆ ಮಗು ಬೇಕಾಗಿತ್ತು, ಕರ್ಕೊಂಡ" ಅನ್ನುವವರು ನಮ್ಮವರಲ್ಲೇ ಇದ್ದಾರೆ. ಆ ಮಾತನ್ನು ನೀನು ನಂಬಬೇಡ. ಆ ತಾಯಿಯ ಮುಂದೆ ಯಾರೂ ಅದನ್ನು ಆಡದೇ ಇರಲಿ. ನಾನು ಹೇಳಬೇಕು ಅಂದುಕೊಂಡಿರುವುದು ನಿನ್ನ ಸಿಟ್ಟಿನ ಬಗ್ಗೆ. ಆ ಸಿಟ್ಟು ದೇವರಿಂದ ನಿನ್ನನ್ನು ದೂರ ಮಾಡಿದೆ ಅಂತ ನೀನು ತಿಳಿದಿದ್ದೀಯ. ದೂರ ಮಾಡುವುದು ಸಿಟ್ಟಲ್ಲ, ಅದನ್ನು ಅವನಿಗೆ ಹೇಳದೆ ಒಳಗೇ ಇಟ್ಟುಕೊಳ್ಳುವುದು.

ಬೈಬಲ್ಲಿನಲ್ಲಿ ಯೊವಾನ್ನನ ಶುಭಸಂದೇಶದ 11ನೇ ಅಧ್ಯಾಯ ತೆಗೆದು ಓದು. ಲಾಜರನಿಗೆ ಕಾಯಿಲೆ ಅಂತ ಅವನ ಅಕ್ಕತಂಗಿಯರಾದ ಮಾರ್ತ, ಮರಿಯ ಯೇಸುವಿಗೆ ಹೇಳಿ ಕಳಿಸಿದ್ದರು. ಸುದ್ದಿ ಮುಟ್ಟಿದ ಮೇಲೂ ಯೇಸು ತಾವಿದ್ದ ಜಾಗದಲ್ಲೇ ಎರಡು ದಿನ ಉಳಿದರು. ಲಾಜರನ ಊರು ಬೆಥಾನಿಯಕ್ಕೆ ಬರುವಷ್ಟರಲ್ಲಿ ಲಾಜರನನ್ನು ಸಮಾಧಿ ಮಾಡಿ ನಾಲ್ಕು ದಿನ ಕಳೆದಿತ್ತು. ಸಾವಿನ ಮನೆ, ಊರಿನ ಜನ ಬಂದು ಕೂತಿದ್ದಾರೆ. ಯೇಸು ಬರುತ್ತಿದ್ದಾರೆ ಅಂತ ಗೊತ್ತಾದ ಕೂಡಲೇ ಮಾರ್ತ ಎದ್ದು ಊರ ಹೊರಗೆ ಎದುರು ಹೋಗುತ್ತಾಳೆ. ಹೋದವಳು ಕಾಲಿಗೆ ಬಿದ್ದು ಸ್ತುತಿ ಮಾಡಲಿಲ್ಲ. ನೀವು ಇಲ್ಲಿ ಇದ್ದಿದ್ದರೆ ನನ್ನ ಸಹೋದರ ಸಾಯುತ್ತಿರಲಿಲ್ಲ ಅಂದಳು. ಸ್ವಲ್ಪ ಹೊತ್ತಿಗೆ ಮರಿಯಳೂ ಬಂದು ಅದೇ ಮಾತು ಆಡಿದಳು. ಯೇಸು ಇಬ್ಬರಲ್ಲಿ ಒಬ್ಬರಿಗೂ, ನನಗೇ ಹೀಗೆ ಹೇಳ್ತೀಯಾ ಅಂತ ಗದರಲಿಲ್ಲ. ಸಮಾಧಿಗೆ ಹೋಗುವ ದಾರಿಯಲ್ಲಿ ಅತ್ತರು. ಲಾಜರನನ್ನು ಬದುಕಿಸಿ ಎಬ್ಬಿಸಲಿದ್ದೇನೆ ಅಂತ ಗೊತ್ತಿದ್ದವರೇ ಅತ್ತರು.

ನಿನ್ನ ವಾರ್ಡಿನ ಮಗು ಲಾಜರನ ಹಾಗೆ ಎದ್ದು ಬರಲಿಲ್ಲ, ಅದು ನನಗೂ ಗೊತ್ತು. ಕಡೆಯ ದಿನದ ಪುನರುತ್ಥಾನವನ್ನು ಮಾರ್ತ ನಂಬಿದಂತೆ ನಾನೂ ನಂಬುತ್ತೇನೆ. ಆದರೆ ಇವತ್ತು ಅಳುವವರ ಬಾಯಿ ಮುಚ್ಚಿಸಲು ಆ ನಂಬಿಕೆಯನ್ನು ಬಳಸಬಾರದು. ಮಾರ್ತ ತನ್ನ ದೂರನ್ನು ಎಲ್ಲಿಗೆ ತೆಗೆದುಕೊಂಡು ಹೋದಳು ಅನ್ನುವುದನ್ನು ನೋಡು. ನೆರೆಹೊರೆಯವರ ಹತ್ತಿರ ಹೇಳಿಕೊಂಡು ಕೂರಲಿಲ್ಲ. ಯಾರ ಮೇಲೆ ದೂರೋ ಅವರ ಮುಂದೆಯೇ ನಿಂತು ಹೇಳಿದಳು. ಅಷ್ಟು ಸಲಿಗೆ ಅವಳಿಗಿತ್ತು. ಅಂಥ ಸಲಿಗೆ ನಿನಗೂ ಇದೆ.

ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ ದೇವರು ಮನುಷ್ಯನನ್ನು ಕೇಳಿದ ಮೊದಲ ಪ್ರಶ್ನೆ "ನೀನು ಎಲ್ಲಿದ್ದೀಯ?" ಅಂತ. ಹಣ್ಣು ತಿಂದ ಮೇಲೆ ಆದಾಮ ಮರಗಳ ಮರೆಯಲ್ಲಿ ಅವಿತುಕೊಂಡಿದ್ದ. ಎಲ್ಲಿದ್ದಾನೆ ಅಂತ ತಿಳಿಯದೆ ಕೇಳಿದ ಪ್ರಶ್ನೆಯಲ್ಲ ಅದು, ಮರೆಯಿಂದ ಆಚೆ ಬಾ ಅಂತ ಕರೆದದ್ದು. ನಿನ್ನನ್ನೂ ಹಾಗೇ ಕರೆಯುತ್ತಿದ್ದಾನೆ ಅಂತ ನನಗನ್ನಿಸುತ್ತದೆ.

ಏನು ಹೇಳಬೇಕು ತೋಚದಿದ್ದರೆ ಬೈಬಲ್ಲಿನ ಕೀರ್ತನೆಗಳಿವೆ. ಇರುವ 150ರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಗೋಳು, ದೂರು, ಮೊರೆ. ಅದನ್ನು ನಾವು ಭಾನುವಾರ ಹಾಡುವಾಗ ಗಮನಿಸುವುದೇ ಇಲ್ಲ. 88ನೆಯದನ್ನು ಓದು. ಬಹುಪಾಲು ಮೊರೆಗಳು ಕೊನೆಗೆ ಬರುವ ಹೊತ್ತಿಗೆ ಸ್ವಲ್ಪ ಸಮಾಧಾನಕ್ಕೆ ತಿರುಗುತ್ತವೆ, ಇದು ಮಾತ್ರ ತಿರುಗುವುದಿಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಅದನ್ನೂ ಪವಿತ್ರ ಗ್ರಂಥದಿಂದ ಯಾರೂ ತೆಗೆದು ಹಾಕಲಿಲ್ಲ. ಶಿಲುಬೆಯ ಮೇಲೆ ಯೇಸು, ನನ್ನ ದೇವರೇ, ನನ್ನನ್ನು ಏಕೆ ಕೈಬಿಟ್ಟೆ ಅಂತ ಕೂಗಿದ್ದೂ 22ನೇ ಕೀರ್ತನೆಯ ಮೊದಲ ಸಾಲೇ. ನಿನ್ನ ಮನಸ್ಸಿನಲ್ಲಿರುವ ಮಾತು ಅವರ ಬಾಯಲ್ಲೂ ಬಂದಿದೆ ಮಗಳೇ.

ಇನ್ನೊಂದು, ಸಿಟ್ಟೋ ದುಃಖವೋ ಮನಸ್ಸಿನಲ್ಲಿ ಹುಟ್ಟಿದ ಮಾತ್ರಕ್ಕೆ ಪಾಪವಲ್ಲ ಅಂತ ನಮ್ಮ ಕಥೋಲಿಕ ಧರ್ಮಸಭೆಯೇ ಕಲಿಸುತ್ತದೆ. ಅದನ್ನು ಹಿಡಿದು ನಾವು ಮುಂದೆ ಏನು ಮಾಡುತ್ತೇವೆ ಅನ್ನುವುದರ ಮೇಲೆ ಒಳ್ಳೆಯದು ಕೆಟ್ಟದ್ದು. ಆದ್ದರಿಂದ ಪೂಜೆಗೆ ನಿಲ್ಲಲು ನನಗೆ ಯೋಗ್ಯತೆ ಇಲ್ಲ ಅನ್ನುವ ಮಾತು ಬಿಡು.

ಇದು ಒಂದು ದಿನಕ್ಕೆ ಮುಗಿಯುವ ವಿಷಯವಲ್ಲ. ಸಿಟ್ಟು ಇಳಿದ ಮೇಲೆ ಏನೂ ಅನ್ನಿಸದ ದಿನಗಳು ಬರುತ್ತವೆ. ಅವು ಸಿಟ್ಟಿಗಿಂತ ಕಷ್ಟ. ಬಾಯಿ ನಮೋ ಮರಿಯಾ ಅನ್ನುತ್ತಿರುತ್ತದೆ, ಮನಸ್ಸು ಬಸ್ ಸ್ಟ್ಯಾಂಡಿನಲ್ಲಿರುತ್ತದೆ. ಆವಿಲಾದ ಸಂತ ತೆರೇಸಾ (1515–1582) ಪ್ರಾರ್ಥನೆಯ ಬಗ್ಗೆ ಇಡೀ ಧರ್ಮಸಭೆಗೆ ಪಾಠ ಹೇಳಿಕೊಟ್ಟವರು, 1970ರಲ್ಲಿ ಪೋಪ್ ಆರನೇ ಪೌಲರು ಅವರಿಗೆ ಧರ್ಮಸಭೆಯ ಆಚಾರ್ಯೆ ಅನ್ನುವ ಬಿರುದು ಕೊಟ್ಟರು. ಅವರೇ ಬರೆದುಕೊಂಡಿದ್ದಾರೆ, ವರ್ಷಗಟ್ಟಲೆ ಪ್ರಾರ್ಥನೆಗೆ ಕೂತಾಗ ಆ ಒಂದು ಗಂಟೆ ಯಾವಾಗ ಮುಗಿಯುತ್ತದೋ ಅನ್ನುವುದರ ಮೇಲೇ ಅವರ ಧ್ಯಾನವೆಲ್ಲ ಇರುತ್ತಿತ್ತಂತೆ. ಆದರೂ ಎದ್ದು ಹೋಗಲಿಲ್ಲ. ಹಿತವಾಗಿ ಅನ್ನಿಸಿದಾಗ ಮಾತ್ರ ದೇವರು ಹತ್ತಿರ ಇದ್ದಾನೆ ಅಂತ ಲೆಕ್ಕ ಹಾಕಿದರೆ ಆ ಲೆಕ್ಕ ಯಾವತ್ತೂ ತಪ್ಪುತ್ತದೆ.

ದಣಿವನ್ನೂ ಮರೆಯಬೇಡ. ನೀನು ಸತತವಾಗಿ ನೈಟ್ ಡ್ಯೂಟಿ ಮಾಡುತ್ತಿದ್ದೀಯ. ಪ್ರವಾದಿ ಎಲೀಯ ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಕೊ ಅಂತ ಬೇಡಿಕೊಂಡ. ದೇವರು ಅವನಿಗೆ ಉಪದೇಶ ಮಾಡಲಿಲ್ಲ. ಮಲಗಲು ಬಿಟ್ಟ, ದೂತನನ್ನು ಕಳಿಸಿ ತಟ್ಟಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಡಿಸಿದ. ತಿಂದು ಮತ್ತೆ ಮಲಗಿದ, ಎರಡನೇ ಸಲವೂ ಎಬ್ಬಿಸಿ ತಿನ್ನಿಸಿದರು. ಹೋರೇಬಿನ ಬೆಟ್ಟ, ಅಲ್ಲಿ ಕೇಳಿದ ದೇವರ ಮೆಲುದನಿ ಎಲ್ಲ ಆಮೇಲಿನದು. ನೀನೂ ಮೊದಲು ಹೊಟ್ಟೆ ತುಂಬ ಊಟ ಮಾಡು. ಟೀ ಬಿಸ್ಕತ್ತಿನಲ್ಲಿ ರಾತ್ರಿ ಕಳೆಯುವುದನ್ನು ಬಿಡು, ಅವ್ವನೂ ಇದನ್ನೇ ಬರೆಯಲು ಹೇಳಿದಳು.

ಇನ್ನು ದಿನದಿನದ ಮಾತು. ಗಂಟೆಗಟ್ಟಲೆ ಜಪ ಮಾಡು ಅಂತ ನಾನು ಹೇಳುವುದಿಲ್ಲ, ನಿನ್ನ ಕೆಲಸದಲ್ಲಿ ಅದು ಆಗುವ ಮಾತಲ್ಲ. ನೀನೇ ಒಂದು ಸಲ ನನಗೆ ವಿವರಿಸಿದ್ದೆ: ಡ್ಯೂಟಿ ಬದಲಾಗುವಾಗ ಮುಂದಿನ ಸಿಸ್ಟರ್‌ಗೆ ಹ್ಯಾಂಡ್‌ಓವರ್ ಕೊಡುತ್ತೀರಿ, ಒಂದೊಂದು ಮಂಚದ ಹತ್ತಿರ ನಿಂತು ಈ ರೋಗಿಗೆ ರಾತ್ರಿ ಜ್ವರ ಎಷ್ಟಿತ್ತು, ಯಾವ ಇಂಜೆಕ್ಷನ್ ಆಯಿತು, ಯಾವುದು ಕೊಡಲು ತಡವಾಯಿತು, ಯಾರಿಗೆ ಮೂತ್ರ ಕಡಿಮೆ ಹೋಗಿದೆ ಅಂತ ಎಲ್ಲವನ್ನೂ ಹೇಳಬೇಕು. ತಡವಾದದ್ದನ್ನು ಮುಚ್ಚಿಟ್ಟರೆ ರೋಗಿಗೆ ಅಪಾಯ ಅಂದಿದ್ದೆ. ಹೇಳಿ ಮುಗಿಸಿದ ಮೇಲೆ ಆ ರೋಗಿಗಳು ನಿನ್ನೊಬ್ಬಳ ಹೊಣೆಯಲ್ಲ, ನೀನು ಮನೆಗೆ ಹೋಗಬಹುದು. ದೇವರ ಹತ್ತಿರವೂ ಹಾಗೇ ಒಂದು ಹ್ಯಾಂಡ್‌ಓವರ್ ಕೊಡು. ಲೊಯೋಲಾದ ಸಂತ ಇಗ್ನೇಷಿಯಸ್ ದಿನಕ್ಕೆ ಎರಡು ಸಲ ಮಾಡಲು ಕಲಿಸಿದ ಆತ್ಮಶೋಧನೆ ಅಂದರೆ ಇದೇ. ಇವತ್ತು ಏನಕ್ಕೆ ಕೃತಜ್ಞತೆ, ಎಲ್ಲಿ ಎಡವಿದೆ, ಏನು ಮನಸ್ಸಿಗೆ ಚುಚ್ಚಿತು, ಎಲ್ಲವನ್ನೂ ಹೇಳಿ ನಾಳೆಗೆ ಸಹಾಯ ಕೇಳು. ಹಾಸ್ಟೆಲ್‌ಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕರೆ ಅಲ್ಲೇ ಆಗುತ್ತದೆ. ಒಂದು ರೋಗಿಯ ಮೇಲೆ ರೇಗಿದ್ದರೆ ಅದನ್ನೂ ಹೇಳು. ಒಬ್ಬ ಮುದುಕ ನಿನ್ನ ಕೈ ಹಿಡಿದು ಚೆನ್ನಾಗಿರಮ್ಮ ಅಂದಿದ್ದರೆ ಅದನ್ನೂ ಹೇಳು. ಆ ಮಗುವಿನ ಹೆಸರನ್ನು ಅಲ್ಲಿ ದಿನಾ ಹೇಳಿದರೂ ಅವನಿಗೆ ಬೇಸರವಿಲ್ಲ.

ಡ್ಯೂಟಿಯ ನಡುವೆಯೂ ಸಂದು ಸಿಗುತ್ತದೆ. ಪ್ರತಿ ಮಂಚಕ್ಕೆ ಹೋಗುವ ಮುಂಚೆ ಕೈಗೆ ಸ್ಯಾನಿಟೈಸರ್ ಹಾಕಿ 20 ಸೆಕೆಂಡು ಉಜ್ಜುತ್ತೀಯಲ್ಲ, ಆ ಹೊತ್ತಿನಲ್ಲಿ ಆ ರೋಗಿಯ ಹೆಸರು ಹಿಡಿದು "ಸ್ವಾಮಿ, ಇವರನ್ನು ನೋಡಿಕೊ" ಅಂದರೆ ಸಾಕು.

ಗಂಜಾಂನಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಅವರ ಹೆಸರು ಹೇಳುವ ಹಳೆಯ ಚರ್ಚನ್ನು ನಿನಗೆ ಚಿಕ್ಕವಳಿದ್ದಾಗ ತೋರಿಸಿದ್ದೆ. ಅವರು 1792ರಲ್ಲಿ ಫ್ರಾನ್ಸಿನಿಂದ ಬಂದವರು, 1799ರ ಯುದ್ಧದ ನಂತರ ಚೆದುರಿಹೋಗಿದ್ದ ನಮ್ಮ ಸೀಮೆಯ ಕ್ರೈಸ್ತರನ್ನು ಒಟ್ಟುಗೂಡಿಸಿದವರು. ಜನ ದೊಡ್ಡ ಸ್ವಾಮಿಯವರು ಅನ್ನುತ್ತಿದ್ದರಂತೆ. ಸಿಡುಬಿಗೆ ಲಸಿಕೆ ಅನ್ನುವುದು ಈ ದೇಶಕ್ಕೆ ಹೊಸದಾಗಿ ಬಂದಿದ್ದ ಕಾಲದಲ್ಲಿ ಮೈಸೂರು ಸೀಮೆಯ ಜನರಿಗೆ ಅದನ್ನು ಹಾಕಿಸಲು ಓಡಾಡಿದವರೂ ಅವರೇ. 1823ರಲ್ಲಿ ಹಿಂತಿರುಗಿ ಹೋದರು. ನಮ್ಮ ಜನರ ಬಗ್ಗೆ ಅವರು ಬರೆದದ್ದೆಲ್ಲವನ್ನೂ ನಾನು ಒಪ್ಪುವುದಿಲ್ಲ, ಆ ಮಾತು ಬೇರೆ. ಬಲಿಪೂಜೆ ಅರ್ಪಿಸುವ ಕೈಯೇ ಲಸಿಕೆಯ ಕೆಲಸಕ್ಕೂ ಮುಂದಾಯಿತು ಅನ್ನುವುದನ್ನು ನಿನಗೆ ಹೇಳಬೇಕಿತ್ತು. ನಿನ್ನ ಕೆಲಸ ಭಕ್ತಿಯ ಹೊರಗಿನದು ಅಂದುಕೊಳ್ಳಬೇಡ.

ಡ್ಯೂಟಿಯ ಕಾರಣಕ್ಕೆ ಭಾನುವಾರದ ಪೂಜೆ ತಪ್ಪಿದರೆ ಧರ್ಮಸಭೆ ಅದನ್ನು ಪಾಪ ಅಂತ ಎಣಿಸುವುದಿಲ್ಲ. ಶನಿವಾರ ಸಂಜೆಯ ಪೂಜೆಯೂ ಲೆಕ್ಕಕ್ಕೆ ಬರುತ್ತದೆ. ಆದರೆ ರಜೆ ಇದ್ದ ದಿನ ಹೋಗದೆ ಇರಬೇಡ. ಹಿಂದಿನ ಬೆಂಚಿನಲ್ಲಾದರೂ ಕೂರು. ನಿನಗೆ ಬಾಯಿ ಬಾರದ ದಿನ ಪಕ್ಕದವರು ಹೇಳುವ "ನಮ್ಮ ತಂದೆಯೇ" ನಿನ್ನದೂ ಹೌದು. "ನನ್ನ ತಂದೆಯೇ" ಅಂತ ಒಬ್ಬೊಬ್ಬರೇ ಹೇಳಿ ಅಂತ ಯೇಸು ಅದನ್ನು ಕಲಿಸಲಿಲ್ಲ.

ನಿನಗಾಗಿ ಇಲ್ಲಿ ಜಪ ನಡೆಯುತ್ತಲೇ ಇದೆ. ತ್ರೀ ಫೇಸ್ ಕರೆಂಟು ಈಗ ರಾತ್ರಿ ಹೊತ್ತಿನಲ್ಲೇ ಕೊಡುತ್ತಾರೆ. ಬ್ಯಾಟರಿ, ಗುದ್ದಲಿ ಹಿಡಿದು ಗದ್ದೆಗೆ ಹೋಗಿ ಮೋಟಾರು ಹಾಕುತ್ತೇನೆ. ನೀರು ಕಬ್ಬಿನ ಸಾಲಿನ ಆ ತುದಿ ಮುಟ್ಟುವವರೆಗೆ ಬದುವಿನ ಮೇಲೆ ನಿಂತು ಕಾಯಬೇಕು, ಆಮೇಲೆ ಮಣ್ಣು ಎಳೆದು ಕಟ್ಟಿ ಪಕ್ಕದ ಸಾಲಿಗೆ ಬಿಡಬೇಕು. ಒಂದು ಸಾಲು ತುಂಬುವಷ್ಟರಲ್ಲಿ ಜಪಸರದ ಹತ್ತು ಮಣಿ ಆಗುತ್ತದೆ. ಕೈಯೆಲ್ಲ ಕೆಸರು, ಹಾಗಾಗಿ ಸರ ಜೇಬಿನಲ್ಲೇ ಇರುತ್ತದೆ, ಬೆರಳಲ್ಲೇ ಎಣಿಸುತ್ತೇನೆ. ಆ ಹೊತ್ತಿನಲ್ಲಿ ನೀನೂ ವಾರ್ಡಿನಲ್ಲಿ ಎದ್ದಿರುತ್ತೀಯ ಅಂತ ನೆನೆಸಿಕೊಂಡು ಮೊದಲ ಸಾಲು ನಿನಗೆ, ಎರಡನೆಯದು ನಿನ್ನ ರೋಗಿಗಳಿಗೆ ಅಂತ ಇಟ್ಟಿದ್ದೇನೆ. ಈಗ ಆ ಮಗುವಿನ ತಾಯಿಗೂ ಒಂದು ಸಾಲು ಸೇರಿದೆ.

ಅಣ್ಣನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕ್ರಿಸ್ಮಸ್‌ನಿಂದ ನೀವಿಬ್ಬರೂ ಮಾತಾಡಿಲ್ಲ. ಯಾರದು ತಪ್ಪು ಅನ್ನುವುದಕ್ಕೆ ನಾನು ಹೋಗುವುದಿಲ್ಲ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನೊಡನೆ ಸಮಾಧಾನವಾಗು ಅಂತ ಯೇಸು ಹೇಳಿದ್ದು ನಿಮ್ಮಿಬ್ಬರಿಗೂ ಗೊತ್ತು. ಅವನಿಗೂ ಇದೇ ಮಾತು ಹೇಳಿದ್ದೇನೆ. ಒಂದು ಫೋನ್ ಮಾಡು.

ಜೂನ್ 13 ಸಂತ ಅಂತೋಣಿಯವರ ಹಬ್ಬ. ದೋರನಹಳ್ಳಿಯಲ್ಲಿರುವ ಅವರ ಚರ್ಚಿಗೆ ಅವ್ವನನ್ನು ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಹಬ್ಬದ ದಿನ ಕಾಲಿಡಲು ಜಾಗ ಇರುವುದಿಲ್ಲ, ಎಲ್ಲ ಜಾತಿ ಧರ್ಮದ ಜನ ಬಂದಿರುತ್ತಾರೆ. ಅವ್ವನ ಮಂಡಿಗೆ ಅಷ್ಟು ನಿಲ್ಲಲು ಆಗದು. ಆದ್ದರಿಂದ ಹಬ್ಬಕ್ಕೆ ಮುಂಚಿನ ಒಂದು ಮಂಗಳವಾರ ಮೈಸೂರಿಗೆ ಬಂದು ಅಲ್ಲಿಂದ ಕೆ.ಆರ್. ನಗರದ ಬಸ್ಸು ಹಿಡಿಯುತ್ತೇವೆ. ನಿನಗೆ ರಜೆ ಸಿಕ್ಕಿ, ಬರಬೇಕು ಅನ್ನಿಸಿದರೆ ಬಾ. ಅಲ್ಲಿ ಪಾಪನಿವೇದನೆ ಕೇಳಲು ಯಾರಾದರೂ ಫಾದರ್ ಸಿಗುತ್ತಾರೆ. ಈ ಸಿಟ್ಟಿನ ವಿಷಯ ನನಗಿಂತ ಚೆನ್ನಾಗಿ ಅವರ ಹತ್ತಿರ ಮಾತಾಡಬಹುದು. ಇನ್ನೂ ಮನಸ್ಸಾಗದಿದ್ದರೆ ಬಲವಂತವಿಲ್ಲ, ನೇರ ಮನೆಗೆ ಬಂದು ಎರಡು ದಿನ ಮಲಗಿ ಹೋಗು.

ರಜೆ ಯಾವತ್ತು ಅಂತ ಅವ್ವನ ಫೋನಿಗೆ ಮೆಸೇಜ್ ಹಾಕು. ನನ್ನದು ಗದ್ದೆಯಲ್ಲಿ ಸಿಗ್ನಲ್ ಸಿಗುವುದಿಲ್ಲ. ಆಲೆಮನೆಯಿಂದ ಹೊಸ ಬೆಲ್ಲ ತಂದಿಟ್ಟಿದ್ದೇನೆ, ಬರದಿದ್ದರೆ ಯಾರ ಕೈಯಲ್ಲಾದರೂ ಕಳಿಸುತ್ತೇನೆ.

ಇಂತಿ ನಿನ್ನ
ಅಪ್ಪ