ಈ ವಾರದ ಆಟಗಾರ: ಜೇಮ್ಸ್ ಹ್ಯಾರಿಸನ್

ಎಲ್ಲರಿಗೂ ನಮಸ್ಕಾರ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಟಚ್‌ಡೌನ್ (ಎದುರಾಳಿಯ ಗೆರೆ ದಾಟಿಸಿ ಚೆಂಡು ಒಯ್ದು ಗಳಿಸುವ ಅಂಕ) ಹೊಡೆಯುವವರ ಬಗ್ಗೆ ಜಾಸ್ತಿ ಮಾತಾಡಿದ್ದಾಯ್ತು, ಈ ವಾರ ತಡೆಯುವವರ ಸರದಿ.

ಹ್ಯಾರಿಸನ್ ಓಹಾಯೋದವನು. 2002ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಆರಿಸುವಾಗ, ಒಂದು ತಂಡವೂ ಅವನನ್ನು ಆರಿಸಲಿಲ್ಲ. ಲೈನ್‌ಬ್ಯಾಕರ್‌ಗೆ (ತಡೆಯುವವರ ಮುಂದಿನ ಸಾಲಿನ ಹಿಂದೆ ನಿಲ್ಲುವ ಆಟಗಾರ) ಆರಡಿ ಅಂದರೆ ಗಿಡ್ಡ ಅಂತೆ! ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡ ಸೇರಿಸಿಕೊಂಡು ಕೈಬಿಟ್ಟಿತು, ಅದೂ ಒಂದೇ ಸಲ ಅಲ್ಲ. ನಡುವೆ ಯುರೋಪಿನ ಲೀಗ್‌ನಲ್ಲೂ ಆಡಿ ಬಂದ. 2008ರಲ್ಲಿ 16 ಸ್ಯಾಕ್ ಮಾಡಿ ವರ್ಷದ ಡಿಫೆನ್ಸ್ ಆಟಗಾರನಾದ. ಡ್ರಾಫ್ಟ್ ಆಗದ ಯಾರಿಗೂ ಅದುವರೆಗೆ ಆ ಪ್ರಶಸ್ತಿ ಸಿಕ್ಕಿರಲಿಲ್ಲ. (ಹೊಸಬರಿಗೆ: ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಅವನನ್ನು ಕೆಡವಿದರೆ ಸ್ಯಾಕ್.)

ಎಲ್ಲರೂ ನೋಡಬೇಕಾದ್ದು 2009ರ ಫೆಬ್ರವರಿ 1ರ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್. ಮೊದಲರ್ಧ ಮುಗಿಯಲು ಕೆಲವೇ ಸೆಕೆಂಡು. ಎದುರಾಳಿ ಅರಿಜೋನಾ ಕಾರ್ಡಿನಲ್ಸ್‌ಗೆ ಟಚ್‌ಡೌನ್‌ಗೆ ಬೇಕಿದ್ದದ್ದು ಒಂದೇ ಗಜ. ಹ್ಯಾರಿಸನ್ ಮುನ್ನುಗ್ಗುವಂತೆ ನಟಿಸಿ ತಟ್ಟನೆ ಹಿಂದೆ ಸರಿದ. ಕಾರ್ಡಿನಲ್ಸ್ ಕ್ವಾರ್ಟರ್‌ಬ್ಯಾಕ್ ಕರ್ಟ್ ವಾರ್ನರ್ ಎಸೆದ ಚೆಂಡು ಸೀದಾ ಅವನ ಕೈಗೇ ಬಂತು. ಅಲ್ಲಿಂದ ಅಂಚುಗೆರೆ ಹಿಡಿದು 100 ಗಜ ಓಟ! ಅಷ್ಟು ದಪ್ಪ ಮೈ ಹೊತ್ತು ಓಡಿ, ಟಚ್‌ಡೌನ್ ಗೆರೆ ದಾಟಿ ಬಿದ್ದವನು ಏಳಲೇ ಇಲ್ಲ, ಏದುಸಿರು ಬಿಡುತ್ತಾ ಮಲಗಿಬಿಟ್ಟ. ಸ್ಟೀಲರ್ಸ್ ಗೆದ್ದದ್ದು 27-23ರಲ್ಲಿ. ಆ ಒಂದು ಓಟ ಇಲ್ಲದಿದ್ದರೆ ಲೆಕ್ಕವೇ ಬೇರೆ ಅಲ್ವಾ?

ಶನಿವಾರದೊಳಗೆ ಆ ಓಟದ ವಿಡಿಯೊ ನೋಡಿಬನ್ನಿ. ಚೆಂಡನ್ನಷ್ಟೇ ನೋಡಬೇಡಿ, ಅವನಿಗೆ ದಾರಿ ಬಿಡಿಸಿದ ಜೊತೆಗಾರರನ್ನೂ ಗಮನಿಸಿ. ಸುಮ್ನೆ ಥಂಬ್ಸ್‌ಅಪ್ ಒತ್ತಿ ಹೋಗಬೇಡಿ, ಎರಡು ಸಾಲು ಬರೆಯಿರಿ. ಗುಡ್ ಮಾರ್ನಿಂಗ್ ಫಾರ್ವರ್ಡ್‌ಗಳು ಇಲ್ಲಿ ಬೇಡ, ದಯವಿಟ್ಟು.